ಕಿಸೆಯ ಕ್ಯಾಮರಾ

ಛಾಯಾಚಿತ್ರವೆಂಬ ವಿದ್ಯೆಯು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಅಲ್ಲಿಂದ ಮುಂದಿನ ಐವತ್ತು ವರ್ಷಗಳ ವೃತ್ತಾಂತವನ್ನು ನೋಡಿದರೆ, ಆ ವಿದ್ಯೆಯವರು ಬೆಳಕಿನೊಡನೆ ಸೆಣಸಿದುದಕ್ಕಿಂತಲೂ ಭಾರದೊಡನೆ ಸೆಣಸಿದುದೇ ಹೆಚ್ಚೆಂದು ತೋರುತ್ತದೆ. ಮರದ ಪೆಟ್ಟಿಗೆ, ಮುಕ್ಕಾಲಿ, ಗಾಜಿನ ಫಲಕಗಳು, ತಲೆಗೆ ಹೊದೆಯುವ ಕರಿಯ ಬಟ್ಟೆ, ಒದ್ದೆಯ ಫಲಕಗಳ ಕಾಲದಲ್ಲಾದರೆ ಇವುಗಳ ಜೊತೆಗೆ ಔಷಧದ ಸೀಸೆಗಳೂ ಕತ್ತಲೆಯ ಗುಡಾರವೂ ಹೊರಡಬೇಕಾಗಿದ್ದಿತು. ಚಿತ್ರ ತೆಗೆಯಬೇಕೆಂದು ಸಂಕಲ್ಪಮಾಡಿ ಹೊರಟವನಿಗೆ ಇದೆಲ್ಲ ಸಹ್ಯವೇ. ಆದರೆ ಬೇರೆ ಕೆಲಸಕ್ಕೆ ಹೊರಟವನ ಕಣ್ಣೆದುರಿಗೆ ದಾರಿಯಲ್ಲಿ ನಡೆದುಹೋದುದು ಹೋಯಿತು. ಅದಕ್ಕೆ ಅವನ ನೆನಪೊಂದೇ ಸಾಕ್ಷಿ.

ಈ ಭಾರವನ್ನು ಮೊದಲು ಇಳಿಸಿದವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವನು ಮಾರಾಟಕ್ಕೆ ತಂದ ಕೊಡಕ್ ಕ್ಯಾಮರಾದ ಬೆಲೆ 25 ಡಾಲರು. ಒಳಗೆ ನೂರು ಚಿತ್ರಗಳಿಗಾಗುವ ಸುರುಳಿ. ನೂರೂ ಮುಗಿದ ಮೇಲೆ ಪೆಟ್ಟಿಗೆಯನ್ನೇ ರಾಚೆಸ್ಟರಿಗೆ ಕಳುಹಿಸಿದರೆ, ಚಿತ್ರಗಳೂ ಹೊಸ ಸುರುಳಿ ತುಂಬಿದ ಪೆಟ್ಟಿಗೆಯೂ ಮರಳಿ ಬರುತ್ತಿದ್ದವು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದಿತು. 1912ರಲ್ಲಿ ಅಂಗಿಯ ಕಿಸೆಯಲ್ಲಿ ಮಡಿಸಿಡಬಹುದಾದ ಕೊಡಕ್ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಎಷ್ಟೋ ಮಂದಿ ಸೈನಿಕರು ಅದನ್ನು ಕೊಂಡೊಯ್ದರು. 1924ರಲ್ಲಿ ಎವರೆಸ್ಟ್ ಶಿಖರದತ್ತ ಕೊನೆಯ ಬಾರಿ ಹೊರಟ ಮ್ಯಾಲರಿಯ ಬಳಿ ಇದ್ದುದೂ, ಸಂಗಾತಿ ಸೋಮರ್ವೆಲ್ ಎರವಲು ಕೊಟ್ಟ ಅಂತಹ ಕ್ಯಾಮರಾವೇ ಎನ್ನುತ್ತಾರೆ. ಮ್ಯಾಲರಿಯ ದೇಹವು 1999ರಲ್ಲಿ ಸಿಕ್ಕಿತು. ಕ್ಯಾಮರಾ ಅವನ ಬಳಿ ಇರಲಿಲ್ಲ. ಅವರು ಶಿಖರವನ್ನು ಮುಟ್ಟಿದರೋ ಇಲ್ಲವೋ ಎಂಬ ಪ್ರಶ್ನೆಯು ಆ ಪುಟ್ಟ ಪೆಟ್ಟಿಗೆಯೊಡನೆ ಹಿಮದಲ್ಲಿ ಹುದುಗಿಕೊಂಡಿದೆ.

ಇವೆಲ್ಲವೂ ಸಣ್ಣವು, ಹಗುರವಾದವು. ಆದರೆ ಇವುಗಳಿಂದ ಬರುವ ಚಿತ್ರವೂ ಸಾಮಾನ್ಯವಾಗಿ ಸಣ್ಣದೇ. ದೊಡ್ಡ ಚಿತ್ರ ಬೇಕೆಂದವನು ದೊಡ್ಡ ಫಲಕವನ್ನೇ ಹೊರಬೇಕೆಂಬುದು ಕಸುಬಿನವರ ಸಿದ್ಧಾಂತವಾಗಿದ್ದಿತು. ಅರ್ಧ ಮಾತ್ರೆ ಉಳಿದರೂ ವೈಯಾಕರಣರು ಪುತ್ರೋತ್ಸವದಂತೆ ಹಿಗ್ಗುವರೆಂಬ ಮಾತನ್ನು ಪಾಠಶಾಲೆಗಳಲ್ಲಿ ಕೇಳಿದವರು ಬಲ್ಲರು. ಆದರೆ ಅಲ್ಲಿ ಲಾಘವವೆಂದರೆ ಶಬ್ದ ಮಾತ್ರ ಕಡಿಮೆ, ಅರ್ಥವು ಪೂರ್ಣ. ಛಾಯಾಚಿತ್ರದಲ್ಲಿ ಅಂತಹ ಲಾಘವವನ್ನು ಸಾಧಿಸಬೇಕಾಗಿದ್ದಿತು.

ಅದನ್ನು ಸಾಧಿಸಿದವನು ಆಸ್ಕರ್ ಬಾರ್ನಾಕ್. 1879ರಲ್ಲಿ ಜರ್ಮನಿಯ ಬ್ರಾಂಡೆನ್‌ಬುರ್ಗ್ ಪ್ರಾಂತದಲ್ಲಿ ಹುಟ್ಟಿದ ಇವನು ಪಂಡಿತನಲ್ಲ, ಸೂಕ್ಷ್ಮಯಂತ್ರಗಳ ಕುಶಲಕರ್ಮಿ. ಯೇನಾ ನಗರದ ಝೈಸ್ ಕಾರ್ಖಾನೆಯಲ್ಲಿದ್ದಾಗ ರಜಾದಿನಗಳಲ್ಲಿ ತುರಿಂಗಿಯದ ಕಾಡುಗುಡ್ಡಗಳಲ್ಲಿ ಚಿತ್ರ ತೆಗೆಯುತ್ತಿದ್ದನು. ಹೊರಬೇಕಾದುದು 13×18 ಸೆಂಟಿಮೀಟರಿನ ಫಲಕಗಳ ಕ್ಯಾಮರಾ, ಎದೆಯಲ್ಲಿ ಉಬ್ಬಸ. ಏರು ಬಂದಲ್ಲೆಲ್ಲ ನಿಂತು ಉಸಿರು ಹಿಡಿಯಬೇಕಾದವನಿಗೆ ಹೊರೆಯನ್ನು ಕಿರಿದುಮಾಡುವ ಯೋಚನೆ ಹುಟ್ಟಿದುದು ಸಹಜ. ಒಂದೇ ಫಲಕದ ಮೇಲೆ ಹಲವು ಸಣ್ಣ ಚಿತ್ರಗಳನ್ನು ತೆಗೆದು ಹಿಗ್ಗಿಸಿ ನೋಡಿದನು. ಆಗಿನ ಫಲಕಗಳ ಕಣಗಳು ಒರಟಾಗಿದ್ದುದರಿಂದ ಪ್ರಯತ್ನ ಫಲಿಸಲಿಲ್ಲ.

1911ರಲ್ಲಿ ಅವನು ವೆಟ್ಸ್‌ಲಾರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಯನ್ನು ಸೇರಿದನು. ಅದು ಸೂಕ್ಷ್ಮದರ್ಶಕಗಳಿಗೆ ಹೆಸರಾದ ಮನೆ. ಅಲ್ಲಿ ಅವನ ಕೈಗೆ ಸಿಕ್ಕಿದ ಚಲನಚಿತ್ರದ ಫಿಲ್ಮು 35 ಮಿಲಿಮೀಟರ್ ಅಗಲದ್ದು, ಎರಡಂಚಿಗೂ ರಂಧ್ರಗಳುಳ್ಳದ್ದು, ಫಲಕಗಳಿಗಿಂತ ನಯವಾದದ್ದು. ಚಲನಚಿತ್ರದ ಯಂತ್ರದಲ್ಲಿ ಫಿಲ್ಮು ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಒಂದೊಂದು ಚಿತ್ರವೂ 18×24 ಮಿಲಿಮೀಟರು. ಬಾರ್ನಾಕನು ಅದನ್ನು ಅಡ್ಡಲಾಗಿ ಓಡಿಸಿ, ಎರಡು ಚಿತ್ರಗಳ ಜಾಗವನ್ನು ಒಂದಕ್ಕೆ ಕೊಟ್ಟನು. ಹೀಗೆ ಹುಟ್ಟಿದ 24×36ರ ಅಳತೆಯು ಮುಂದೆ ಲೋಕದ ರೂಢಿಯಾಯಿತು. ಅದು ಅವನ ಹಳೆಯ ಫಲಕದ ಇಪ್ಪತ್ತೇಳನೆಯ ಒಂದು ಪಾಲು ಮಾತ್ರ. 1914ರಲ್ಲಿ ಮಾದರಿಯೊಂದು ಸಿದ್ಧವಾಯಿತು. ಆ ವರ್ಷ ಆಗಸ್ಟಿನಲ್ಲಿ ಯುದ್ಧವು ಸಾರಲ್ಪಟ್ಟಾಗ ವೆಟ್ಸ್‌ಲಾರಿನ ಬೀದಿಯನ್ನೂ, 1920ರಲ್ಲಿ ಲಾನ್ ನದಿಯ ಪ್ರವಾಹವು ಊರೊಳಗೆ ನುಗ್ಗಿದುದನ್ನೂ ಬಾರ್ನಾಕನು ತೆಗೆದಿಟ್ಟಿದ್ದಾನೆ. ಮುಕ್ಕಾಲಿಯವನು ಸಾಮಾನುಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಗುವ ಸಂಗತಿಗಳು ಇಂತಹವೇ.

ಯುದ್ಧದಿಂದ ಯಂತ್ರದ ಕೆಲಸವು ಹಿಂದೆ ಬಿದ್ದಿತು. ಅದರ ಬಳಿಕ ಬಂದ ಕಾಲ ಇನ್ನೂ ಕಠಿನವಾದುದು. 1923ರಲ್ಲಿ ಜರ್ಮನಿಯ ನಾಣ್ಯವು ಕುಸಿದು, ಬೆಳಿಗ್ಗೆ ಬಂದ ಕೂಲಿಗೆ ಸಂಜೆ ಬೆಲೆಯಿಲ್ಲದಂತಾಯಿತು. ಪರೀಕ್ಷೆಗೆಂದು ಕೆಲವೇ ಯಂತ್ರಗಳನ್ನು ಮಾಡಿ ಬಲ್ಲವರ ಕೈಗೆ ಕೊಟ್ಟು ನೋಡಿದರು. ಅಭಿಪ್ರಾಯಗಳು ಉತ್ಸಾಹಕರವಾಗಿರಲಿಲ್ಲ. ಅಂಚೆಚೀಟಿಯಷ್ಟು ಚಿತ್ರವನ್ನು ಯಾರು ಹಿಗ್ಗಿಸುತ್ತ ಕುಳಿತಾರು? ಸೂಕ್ಷ್ಮದರ್ಶಕದ ಮನೆಗೆ ಕ್ಯಾಮರಾದ ವ್ಯಾಪಾರವೇಕೆ? ಆಕ್ಷೇಪಗಳು ಅವಿವೇಕದವಲ್ಲ. ಇತ್ತ ಬೇಡಿಕೆ ತಗ್ಗಿದರೆ ಕೆಲಸಗಾರರ ಗತಿಯೇನೆಂಬ ಚಿಂತೆಯು ಯಜಮಾನನಾದ ಎರಡನೆಯ ಅರ್ನ್‌ಸ್ಟ್ ಲೈಟ್ಸನನ್ನು ಕಾಡುತ್ತಿದ್ದಿತು. 1924ರ ಜೂನ್ ತಿಂಗಳಲ್ಲಿ ಎಲ್ಲರ ಮಾತನ್ನೂ ಆಲಿಸಿದ ಮೇಲೆ, ಬಾರ್ನಾಕನ ಕ್ಯಾಮರಾವನ್ನು ತಯಾರಿಸತಕ್ಕದ್ದೆಂದು ಅವನು ತಾನೊಬ್ಬನೇ ತೀರ್ಮಾನಿಸಿದನು. ತಪ್ಪಿದ್ದರೆ ಕಾರ್ಖಾನೆಯೂ ಅದನ್ನು ನಂಬಿದ ಸಂಸಾರಗಳೂ ಅದರ ಫಲವನ್ನು ಉಣ್ಣಬೇಕಾಗಿದ್ದಿತು. 1925ರ ವಸಂತದಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದನ್ನು ಜನರ ಮುಂದಿಟ್ಟರು. ಲೈಟ್ಸ್, ಕ್ಯಾಮರಾ ಎಂಬೆರಡು ಶಬ್ದಗಳ ಆದ್ಯಕ್ಷರಗಳನ್ನು ಕೂಡಿಸಿ ಲೈಕಾ ಎಂದು ಹೆಸರಿಟ್ಟರು.

ಯಂತ್ರದ ಜಾಣ್ಮೆಯಿದ್ದುದು ಅದರ ಕಿರಿತನದಲ್ಲಿ ಮಾತ್ರವಲ್ಲ. ಗುಂಡಿಯೊಂದನ್ನು ತಿರುಗಿಸಿದರೆ ಫಿಲ್ಮು ಮುಂದೆ ಸಾಗುವುದು, ಅದರೊಡನೆಯೇ ಬೆಳಕಿನ ತೆರೆಯೂ ಬಿಗಿಗೊಳ್ಳುವುದು. ಆದುದರಿಂದ ಮರೆತು ಚಿತ್ರದ ಮೇಲೆ ಚಿತ್ರ ತೆಗೆಯುವ ಪ್ರಮಾದಕ್ಕೆ ಎಡೆಯಿಲ್ಲ. ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆಯನ್ನು ತೆರೆಯಬಹುದು. ಮ್ಯಾಕ್ಸ್ ಬೆರೆಕ್ ಎಂಬ ವಿದ್ವಾಂಸನು ಲೆಕ್ಕ ಹಾಕಿದ ಮಸೂರವು ಹಿಗ್ಗಿಸುವಿಕೆಯನ್ನು ತಾಳುವಷ್ಟು ಚೊಕ್ಕಟವಾಗಿದ್ದು, ಕೆಲಸ ತೀರಿದೊಡನೆ ಆಮೆಯ ತಲೆಯಂತೆ ಒಳಸರಿಯುತ್ತಿದ್ದಿತು. ಒಂದು ಸುರುಳಿಗೆ ಮೂವತ್ತಾರು ಚಿತ್ರ. ಫಲಕದವನು ಒಂದು ಚಿತ್ರಕ್ಕೆ ಹತ್ತು ಸಲ ಯೋಚಿಸುತ್ತಿದ್ದನು. ಇವನಿಗೆ ಆ ಕಟ್ಟು ತಪ್ಪಿತು. ಅದು ಪೂರ್ತಿ ಲಾಭವೇ ಎಂದು ಹೇಳಲಾಗದು. ದೂರವಾಣಿಯಲ್ಲಿಯೇ ಕ್ಯಾಮರಾ ಅಡಗಿರುವ ಈಗಿನ ದಿನಗಳಲ್ಲಿ, ತೆಗೆದ ಚಿತ್ರಗಳನ್ನು ತೆಗೆದವರೇ ಮತ್ತೆ ನೋಡದಿರುವುದನ್ನು ಮನೆಮನೆಯಲ್ಲಿಯೂ ಕಾಣಬಹುದು.

ಬಾರ್ನಾಕನು 1936ರಲ್ಲಿ ತೀರಿಕೊಂಡನು. ಅವನ ಯಂತ್ರವನ್ನು ದಿನವೂ ಕೊಂಡೊಯ್ಯುವುದೆಂದರೇನೆಂದು ತೋರಿಸಿದವನು ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋನ್. ಚಿತ್ರಕಲೆಯನ್ನು ಕಲಿತಿದ್ದ ಇವನು ಆಫ್ರಿಕದಿಂದ ಜ್ವರಪೀಡಿತನಾಗಿ ಮರಳಿ, 1932ರ ಸುಮಾರಿಗೆ ಮಾರ್ಸೇಲ್ಸ್ ಬಂದರಿನಲ್ಲಿ ಲೈಕಾವನ್ನು ಕೈಗೆ ತೆಗೆದುಕೊಂಡನು. ನೋಡುವವರ ಗಮನ ಸೆಳೆಯದಿರಲೆಂದು ಅದರ ಹೊಳೆಯುವ ಭಾಗಗಳಿಗೆ ಕಪ್ಪು ಮುಚ್ಚಿದನು. ಐವತ್ತು ಮಿಲಿಮೀಟರಿನ ಮಸೂರವೊಂದೇ ಬಹುತೇಕ ಅವನ ಸಂಗಾತಿ. ಕೃತಕವಾದ ಮಿಂಚುದೀಪವನ್ನು ಅವನು ಒಲ್ಲನು. ಬೀದಿಯಲ್ಲಿ ಎಷ್ಟು ಬೆಳಕಿತ್ತೋ ಅಷ್ಟೇ. ಎರಡನೆಯ ಮಹಾಯುದ್ಧದಲ್ಲಿ ಲೈಕಾವನ್ನು ನೆಲದಲ್ಲಿ ಹೂಳಿಟ್ಟಿದ್ದನು. ಸೆರೆಯಾಗಿ, 1943ರಲ್ಲಿ ತಪ್ಪಿಸಿಕೊಂಡು ಬಂದ ಮೇಲೆ ಅಗೆದು ತೆಗೆದನು.

1947ರಲ್ಲಿ ಅವನೂ ಅವನ ಮಿತ್ರರೂ ಮ್ಯಾಗ್ನಂ ಎಂಬ ಛಾಯಾಗ್ರಾಹಕರ ಸಂಘವನ್ನು ಕಟ್ಟಿ ಭೂಮಂಡಲವನ್ನು ಹಂಚಿಕೊಂಡಾಗ ಅವನ ಪಾಲಿಗೆ ಏಷ್ಯಾ ಬಂದಿತು. ಹೀಗೆ ಅವನು ಭಾರತಕ್ಕೆ ಬಂದನು. 1948ರ ಜನವರಿ 30ರಂದು ಮಧ್ಯಾಹ್ನದ ಮೇಲೆ ದಿಲ್ಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು, ತನ್ನ ಚಿತ್ರಗಳ ಪುಸ್ತಕವನ್ನು ಅವರಿಗೆ ತೋರಿಸಿ ಬೀಳ್ಕೊಂಡಿದ್ದನು. ಐದು ಗಂಟೆ ದಾಟಿದ ಮೇಲೆ ಪ್ರಾರ್ಥನೆಗೆ ನಡೆಯುತ್ತಿದ್ದ ಮಹಾತ್ಮರ ಮೇಲೆ ಗುಂಡು ಹಾರಿತು. ಸುದ್ದಿ ತಿಳಿದು ಅವನು ಮರಳಿ ಬಂದನು.

ಆಗ ಕತ್ತಲಾಗಿದ್ದಿತು. ಭವನದ ಗೇಟಿನ ಬಳಿ ಜನ ನೆರೆದಿದ್ದರು. ನೆಹರೂ ಅವರು ಗೇಟಿನ ಮೇಲೇರಿ ಗಾಂಧೀಜಿಯವರು ಇನ್ನಿಲ್ಲವೆಂಬುದನ್ನು ಜನರಿಗೆ ತಿಳಿಸಿದರು. ಕಾರ್ತಿಯೇ-ಬ್ರೆಸೋನನು ಅದನ್ನು ತೆಗೆದಿದ್ದಾನೆ. ಬಾರ್ನಾಕನ ಕಾಲದ ಫಲಕದವರು ಆ ಚಿತ್ರವನ್ನು ಕಂಡಿದ್ದರೆ ಬಹುಶಃ ತಿರಸ್ಕರಿಸುತ್ತಿದ್ದರು: ಮುಕ್ಕಾಲು ಪಾಲು ಕತ್ತಲೆ, ಅಂಚುಗಳು ಅಲುಗಿವೆ, ತಲೆಗಳು ಒಂದರೊಳಗೊಂದು ಕಲಸಿಹೋಗಿವೆ. ದೀಪವೊಂದರ ಬೆಳಕು ಚೆಲ್ಲಿದೆ; ಅದರಲ್ಲಿ ನೆಹರೂ ಅವರು ಜನರ ತಲೆಗಳಿಂದ ಮೇಲೆ ಕಾಣುತ್ತಾರೆ.