ಆಕಾಶದಲ್ಲಿ ಕಾಯುವುದಕ್ಕೂ ಒಂದು ಕ್ರಮ

ವಾಡಿ ಜಂಕ್ಷನ್‌ನಲ್ಲಿ ಹಳಿ ತೆರವಾಗದಿದ್ದರೆ ರೈಲು ಸಿಗ್ನಲ್ ಬಳಿ ನಿಂತು ಕಾಯುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಪ್ರಯಾಣಿಕರಿಗೆ ಇದು ಹೊಸತಲ್ಲ. ನಿಜಾಮ ಸಂಸ್ಥಾನದ ರೈಲು ಮಾರ್ಗ 1874ರಲ್ಲಿ ಸಿಕಂದರಾಬಾದಿನಿಂದ ಬಂದು ವಾಡಿಯಲ್ಲಿ ಮುಂಬೈ ಮಾರ್ಗವನ್ನು ಕೂಡಿತು. ಅಂದಿನಿಂದ ಒಂದು ರೈಲು ಇನ್ನೊಂದಕ್ಕೆ ದಾರಿ ಬಿಡುವುದು ಅಲ್ಲಿ ನಡೆದೇ ಇದೆ. ಆದರೆ ವಿಮಾನ ಹಾಗೆ ನಿಲ್ಲುವಂತಿಲ್ಲ. ನಿಂತರೆ ಬೀಳುತ್ತದೆ. ಹಾಗಾದರೆ ಅದು ಕಾಯುವುದು ಹೇಗೆ?

ಇದು ಈಗ ಈ ಸೀಮೆಗೆ ದೂರದ ಪ್ರಶ್ನೆಯೇನಲ್ಲ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೀದರಿನಿಂದ ನಾಗರಿಕ ವಿಮಾನ ಹಾರಿದ್ದು 2020ರ ಫೆಬ್ರುವರಿಯಲ್ಲಿ. ಬೀದರಿನ ವಾಯುನೆಲೆ ಅದಕ್ಕಿಂತ ಬಹಳ ಹಳೆಯದು; 1996ರಲ್ಲಿ 'ಸೂರ್ಯಕಿರಣ' ತಂಡ ಹುಟ್ಟಿದ್ದು ಅಲ್ಲಿಯೇ. ಚಿಂಚೋಳಿಯ ಕಾಡು, ಚಂದ್ರಂಪಳ್ಳಿ ಜಲಾಶಯ ಇರುವುದು ಈ ಎರಡು ಊರುಗಳ ನಡುವಿನ ಸೀಮೆಯಲ್ಲಿ.

ಮೂರು ಬಾಗಿಲು

ಇಳಿಯಲು ಸರದಿ ಬಾರದ ವಿಮಾನ ಗೊತ್ತಾದ ಒಂದು ಬಿಂದುವನ್ನು ಹಿಡಿದು ಓಟದ ಮೈದಾನದ ಆಕಾರದಲ್ಲಿ ಸುತ್ತುತ್ತದೆ. ಇದೇ 'ಹೋಲ್ಡಿಂಗ್ ಪ್ಯಾಟರ್ನ್'. 14,000 ಅಡಿಯವರೆಗೆ ನೇರ ಹಾರಾಟ ಒಂದು ನಿಮಿಷ, ಅದಕ್ಕೂ ಮೇಲೆ ಒಂದೂವರೆ ನಿಮಿಷ. ಬೇರೆ ಸೂಚನೆ ಇಲ್ಲದಿದ್ದರೆ ತಿರುವುಗಳೆಲ್ಲ ಬಲಕ್ಕೆ. ಕೆಳಮಟ್ಟದಲ್ಲಿ ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಹಲವು ವಿಮಾನಗಳಿದ್ದರೆ ಒಂದರ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ಸುತ್ತುತ್ತವೆ.

ತೊಡಕು ಇರುವುದು ಈ ಸುತ್ತಿಗೆ ಸೇರಿಕೊಳ್ಳುವಲ್ಲಿ. ವಿಮಾನ ಯಾವ ದಿಕ್ಕಿನಿಂದಾದರೂ ಬರಬಹುದು. ಆದ್ದರಿಂದ ಬಿಂದುವಿನ ಸುತ್ತಣ 360 ಡಿಗ್ರಿಯನ್ನು ಮೂರು ಪಾಲು ಮಾಡಲಾಗಿದೆ. 180 ಡಿಗ್ರಿ ಪಾಲಿನಿಂದ ಬಂದರೆ ನೇರ ಪ್ರವೇಶ. 110 ಡಿಗ್ರಿ ಪಾಲಿನಿಂದ ಬಂದರೆ ಸುತ್ತಿಗೆ ಸಮಾನಾಂತರವಾಗಿ ಹಾರಿ ಹಿಂತಿರುಗುವ ಪ್ರವೇಶ. ಉಳಿದ 70 ಡಿಗ್ರಿಯಿಂದ ಬಂದರೆ 30 ಡಿಗ್ರಿ ಓರೆಯಾಗಿ ಸಾಗಿ ಹೊರಳುವ ಪ್ರವೇಶ. ಗಡಿಯ ಮೇಲಿದ್ದರೆ ಐದು ಡಿಗ್ರಿ ಆಚೀಚೆ ಆದರೂ ಅಡ್ಡಿಯಿಲ್ಲ.

ಕಟ್ಟಳೆಯೋ, ಸಲಹೆಯೋ?

1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದ ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದಾಗ ಇಂಥ ಕ್ರಮಗಳ ಅಗತ್ಯವೇ ಇರಲಿಲ್ಲ. ಆಕಾಶ ಖಾಲಿಯಿತ್ತು. ಸಂಚಾರ ಹೆಚ್ಚಿದಂತೆ ಎಲ್ಲ ದೇಶಗಳಿಗೂ ಒಂದೇ ನಿಯಮ ಬೇಕಾಯಿತು. 1944ರ ಷಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1947ರಲ್ಲಿ ಅಸ್ತಿತ್ವಕ್ಕೆ ಬಂತು. ಅದರ ಕಾರ್ಯವಿಧಾನ ಗ್ರಂಥ ಮೂರು ಪ್ರವೇಶಗಳನ್ನು ಆದೇಶದ ಧಾಟಿಯಲ್ಲೇ ಹೇಳುತ್ತದೆ. ಭಾರತದ ಕ್ರಮಗಳಿಗೂ ಅದೇ ಆಧಾರ. ಅಮೆರಿಕದ ಅಧಿಕೃತ ಕೈಪಿಡಿ ಮಾತ್ರ ಅದೇ ಮೂರನ್ನು ಶಿಫಾರಸು ಎನ್ನುತ್ತದೆ. ಬೇರೆ ರೀತಿಯಲ್ಲಿ ಬಂದರೂ ಮೀಸಲು ವಲಯದೊಳಗೆ ಉಳಿಯಬಹುದೆಂದು ಒಪ್ಪುತ್ತದೆ.

ಎರಡರ ತಿರುಳೂ ಆ ಮೀಸಲು ವಲಯವೇ. ಸುತ್ತಿನ ನಕ್ಷೆ ಬರೆಯುವವರು ಗಾಳಿ, ವೇಗ, ತಿರುವಿನ ಅಗಲ ಲೆಕ್ಕಹಾಕಿ, ಗುಡ್ಡಗಳಿಂದ ಎಷ್ಟು ಎತ್ತರ ಬೇಕೆಂದು ನಿರ್ಧರಿಸುತ್ತಾರೆ. ಚಾಲಕ ಪ್ರಮಾಣಿತ ರೀತಿಯಲ್ಲೇ ಪ್ರವೇಶಿಸುತ್ತಾನೆ ಎಂಬುದು ಆ ಲೆಕ್ಕದ ಬುನಾದಿ. ಹಾಗೆ ಮಾಡಲಾಗದಿದ್ದರೆ ಆದಷ್ಟು ಬೇಗ ನಿಯಂತ್ರಕರಿಗೆ ತಿಳಿಸಬೇಕು.

146 ಜೀವಗಳ ಪಾಠ

ಲೆಕ್ಕವೇ ಇಲ್ಲದ ಸುತ್ತಿನಿಂದ ಏನಾಗುತ್ತದೆ ಎಂಬುದಕ್ಕೆ 1980ರ ಏಪ್ರಿಲ್ 25ರ ದುರಂತ ಸಾಕ್ಷಿ. ಮ್ಯಾಂಚೆಸ್ಟರ್‌ನಿಂದ ಸ್ಪೇನಿನ ಟೆನೆರಿಫ್ ದ್ವೀಪಕ್ಕೆ ಬಂದ ಡಾನ್ ಏರ್ ಸಂಸ್ಥೆಯ ಬೋಯಿಂಗ್ 727ಕ್ಕೆ, ನಕ್ಷೆಯಲ್ಲೇ ಇಲ್ಲದ ಒಂದು ಸುತ್ತಿನಲ್ಲಿ ಕಾಯಲು ನಿಯಂತ್ರಕ ಸೂಚಿಸಿದ. ಎಡ ತಿರುವುಗಳ ಸುತ್ತು ಎಂದು ಹೇಳಬೇಕಾದಲ್ಲಿ ಕೇಳಿಸಿದ್ದು 'ಎಡಕ್ಕೆ ತಿರುಗಿ' ಎಂಬರ್ಥ ಬರುವ ಮಾತು. ಇಂಗ್ಲಿಷ್‌ನಲ್ಲಿ 'ಟರ್ನ್ಸ್' ಹೋಗಿ 'ಟರ್ನ್' ಆಗಿತ್ತು. ಪ್ರಮಾಣಿತ ಲೆಕ್ಕದಂತೆ ಆ ದಿಕ್ಕಿನಿಂದ ಬಂದ ವಿಮಾನ ಸಮಾನಾಂತರ ಪ್ರವೇಶಕ್ಕಾಗಿ ಮೊದಲು ಬಲಕ್ಕೆ ಹೊರಳಬೇಕಿತ್ತು. ಅದು ಮೋಡದೊಳಗೆ ಎಡಕ್ಕೆ, ಪರ್ವತದ ಕಡೆಗೆ ತಿರುಗಿತು. ಒಳಗಿದ್ದ 146 ಮಂದಿಯೂ ಸತ್ತರು. ಸ್ಪೇನ್ ಚಾಲಕನತ್ತ ಬೆರಳು ತೋರಿತು. ಬ್ರಿಟನ್, ಅಸ್ಪಷ್ಟ ಸೂಚನೆಯನ್ನೂ ಲೆಕ್ಕವಿಲ್ಲದ ಸುತ್ತನ್ನೂ ಎತ್ತಿ ತೋರಿಸಿತು.

ಕಾಯುವುದಕ್ಕೆ ಇನ್ನೊಂದು ಮಿತಿಯೂ ಇದೆ: ಇಂಧನ. 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿಯಲ್ಲಿ ಒಂದು ಗಂಟೆಗೂ ಮೀರಿ ಕಾದ ಏವಿಯಾಂಕ ವಿಮಾನ ಇಂಧನ ಮುಗಿದು ಬಿದ್ದು 73 ಮಂದಿ ಸತ್ತರು. ಜೆಟ್ ವಿಮಾನದಲ್ಲಿ ಕೊನೆಗೂ 30 ನಿಮಿಷದ ಮೀಸಲು ಇಂಧನ ಇರಲೇಬೇಕೆಂಬ ನಿಯಮವಿದೆ.

ಇಂದು ವಿಮಾನದ ಕಂಪ್ಯೂಟರೇ ಪ್ರವೇಶದ ಬಗೆಯನ್ನು ಲೆಕ್ಕಹಾಕಿ ಕೊಡುತ್ತದೆ. ಆದರೂ ಚಾಲಕರಿಗೆ ಕೈಲೆಕ್ಕ ಕಲಿಸುವುದು ನಿಂತಿಲ್ಲ. ಅಮೆರಿಕದಲ್ಲಿ ಅದು ಶಿಫಾರಸು ಇರಬಹುದು. ಆದರೆ ಮೋಡ ಕವಿದು ಗುಡ್ಡ ಕಾಣದ ವೇಳೆಯಲ್ಲಿ, ಯಾರೋ ಮೊದಲೇ ಅಳೆದು ಸರಿಯೆಂದು ಕಂಡ ದಾರಿ ಅದು. ಅದನ್ನು ಬಿಟ್ಟವನು ಆ ಅಳತೆಯ ರಕ್ಷಣೆಯನ್ನೂ ಬಿಟ್ಟಂತೆ.