ಸೊಂಟನೋವಿನ ಮೊದಲ ವಿಚಾರಣೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯಲ್ಲಿ ಸಿಕಲ್ ಸೆಲ್ ರೋಗ ಮತ್ತು ಬೆನ್ನುಮೂಳೆಯ ಉರಿಯೂತ

ಬಾಳೆಗೊನೆ ಹೊತ್ತು ಲಾರಿಗೆ ತುಂಬುವ, ದಿನವಿಡೀ ಬಗ್ಗಿ ಅರಿಶಿನ ಕೀಳುವ ಗುಂಡ್ಲುಪೇಟೆ ಸೀಮೆಯಲ್ಲಿ ಸೊಂಟನೋವು ಯಾರಿಗೂ ಸುದ್ದಿಯಲ್ಲ. ನೋವಿನ ಮಾತ್ರೆ, ನಾಲ್ಕು ದಿನ ವಿಶ್ರಾಂತಿ ಎಂಬ ಚೀಟಿ ಬಹುಪಾಲು ಜನಕ್ಕೆ ಸಾಕಾಗುತ್ತದೆ. ಅದೇ ಸಾಲಿನಲ್ಲಿ ನಿಂತ ಇಬ್ಬರಿಗೆ ಮಾತ್ರ ಅದು ಹೊಂದುವುದಿಲ್ಲ. ಸಿಕಲ್ ಸೆಲ್ ರೋಗಿಗೆ ಮಾತ್ರೆಯಿಂದ ತೊಂದರೆ. ಬೆನ್ನುಮೂಳೆಯ ಉರಿಯೂತವಾದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಿಗೆ ವಿಶ್ರಾಂತಿಯಿಂದಲೇ ತೊಂದರೆ. ತಜ್ಞವೈದ್ಯರ ಆರೈಕೆ ಎಷ್ಟು ಬೇಗ ಸಿಗುತ್ತದೆ ಎಂಬುದನ್ನು ಮೈಸೂರಿನ ದೂರಕ್ಕಿಂತ ಹೆಚ್ಚಾಗಿ ಊರಿನ ಆರೋಗ್ಯ ಕೇಂದ್ರದಲ್ಲಿ ನಡೆಯುವ ಮೊದಲ ವಿಚಾರಣೆ ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಸಿಕಲ್ ಸೆಲ್ ಈ ಭಾಗಕ್ಕೆ ಹೊಸದಲ್ಲ. ಗುಂಡ್ಲುಪೇಟೆಗೆ ತಾಗಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ ಸಂಶೋಧಕರಾದ ಲೇಮನ್ ಮತ್ತು ಕಟ್‌ಬುಷ್ ಇದನ್ನು 1952ರಲ್ಲೇ ಗುರುತಿಸಿ ಪ್ರಕಟಿಸಿದ್ದರು. ಬಂಡೀಪುರದ ಕಾಡು ಕರ್ನಾಟಕ, ತಮಿಳುನಾಡು, ಕೇರಳಗಳ ಗಡಿಯಲ್ಲಿದೆ, ವಂಶವಾಹಿಗೆ ಗಡಿಯಿಲ್ಲ. ಜೇನುಕುರುಬ, ಸೋಲಿಗ, ಯರವ ಸಮುದಾಯಗಳಲ್ಲೂ ಈ ರೋಗ ಉಂಟು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಪೋಡುಗಳಿಗೆ ಚಿಕಿತ್ಸೆ ಒಯ್ದಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು. ನಲವತ್ತು ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ.

ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುವುದೇ ಇಷ್ಟಕ್ಕೆಲ್ಲ ಮೂಲ. ಆಮ್ಲಜನಕ ಕಡಿಮೆಯಾದಾಗ ಕೆಂಪುಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ. ಹೀಗಾದ ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಮದ್ದಲ್ಲ. ನಮ್ಮಲ್ಲಿ ಕಬ್ಬಿಣದ ಕೊರತೆಯೂ ಜೊತೆಗಿರಬಹುದು, ಆದರೆ ಅದನ್ನು ಪರೀಕ್ಷಿಸಿಯೇ ಹೇಳಬೇಕು. ಮೇಲಿಂದ ಮೇಲೆ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಈಗಾಗಲೇ ಮಿತಿಮೀರಿರುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ ಭ್ರೂಣದ ಹಿಮೋಗ್ಲೋಬಿನ್ ಅನ್ನು ಹೆಚ್ಚಿಸಿ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ಅದನ್ನು ನುಂಗುವವರ ರಕ್ತಕಣಗಳ ಎಣಿಕೆಯನ್ನು ಆಗಾಗ ನೋಡುತ್ತಿರಬೇಕು. ರಕ್ತರೋಗ ತಜ್ಞರು ಬೇಕಾಗುವುದು ಈ ನಿಗಾಕ್ಕೆ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ, ರೋಗದಿಂದ ಮೊದಲೇ ಸೊರಗಿದ ಮೂತ್ರಪಿಂಡ ಇನ್ನಷ್ಟು ಕೆಡುತ್ತದೆ.

ಎರಡನೆಯ ರೋಗಿಯ, ಅಂದರೆ ಸ್ಪಾಂಡಿಲೈಟಿಸ್ ಇರುವವರ ಕಥೆ ನಿಧಾನದ್ದು. ನಲವತ್ತೈದರೊಳಗೆ ಶುರುವಾಗಿ, ಮೂರು ತಿಂಗಳು ದಾಟಿಯೂ ಬಿಡದ ನೋವು. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ಮಲಗಿದರೆ ಮತ್ತೆ ಬಿಗಿಯುತ್ತದೆ. ಹೊರೆಯ ನೋವು ಹೀಗೆ ನಡೆದುಕೊಳ್ಳುವುದಿಲ್ಲ. ಎಕ್ಸ್-ರೇಯಲ್ಲಿ ಗುರುತು ಮೂಡಲು ವರ್ಷಗಳೇ ಬೇಕಾಗಬಹುದು. ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ ಗುರುತು ಇದ್ದಮಾತ್ರಕ್ಕೆ ರೋಗವಿದೆ ಎನ್ನಲಾಗದು. ಆದರೆ ದರ್ಜಿಯ ಟೇಪು ಯಾವ ಕೇಂದ್ರದಲ್ಲೂ ಸಿಗುತ್ತದೆ. ಸೊಂಟದ ಹಿಂದಿನ ಎರಡು ಗುಳಿಗಳ ನೇರಕ್ಕೆ ಒಂದು ಗೆರೆ, ಅದಕ್ಕಿಂತ 10 ಸೆಂ.ಮೀ. ಮೇಲೆ ಇನ್ನೊಂದು ಗೆರೆ. ಮಂಡಿ ಮಡಿಸದೆ ಮುಂದಕ್ಕೆ ಬಾಗಿಸಿ ಅಳೆದರೆ ಆರೋಗ್ಯವಂತರಲ್ಲಿ ಆ ಅಂತರ ಸುಮಾರು 15ಕ್ಕೆ ಹಿಗ್ಗುತ್ತದೆ. ಹಿಗ್ಗದ ಬೆನ್ನು ಮುಂದಿನ ತಪಾಸಣೆ ಬೇಡುತ್ತದೆ.

ಇವರಿಗೆ ವ್ಯಾಯಾಮವೇ ಚಿಕಿತ್ಸೆಯ ಅರ್ಧ ಭಾಗ: ಬೋರಲು ಮಲಗುವುದು, ಗೋಡೆಗೆ ಹಿಮ್ಮಡಿ, ಬೆನ್ನು, ತಲೆ ತಾಗಿಸಿ ನಿಲ್ಲುವುದು, ಎದೆ ಬಿರಿಯುವಷ್ಟು ಉಸಿರೆಳೆಯುವುದು, ಈಜುವುದು. ಬೀಡಿ ಬಿಡಲೇಬೇಕು. ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡವರಿಗೆ ಕಬಡ್ಡಿ ಬೇಡ, ಕುತ್ತಿಗೆ ತಿರುಚಿ ‘ಲಟಕ್’ ಎನ್ನಿಸುವ ನಾಟಿ ಚಿಕಿತ್ಸೆಯಂತೂ ಬೇಡವೇ ಬೇಡ. ಅಂಥವರು ಸ್ಕೂಟರಿನಿಂದ ಮೆಲ್ಲನೆ ಬಿದ್ದರೂ ಬೆನ್ನುಮೂಳೆ ಮುರಿಯಬಹುದು, ಎಕ್ಸ್-ರೇಗೆ ಅದು ತಪ್ಪಿಸಿಕೊಳ್ಳಬಹುದು. ಹೊಸದಾಗಿ ನೋವು ಬಂದರೆ ಸಿ.ಟಿ. ಮಾಡಿಸಬೇಕು.

ಈಜಿನ ಸಲಹೆಯನ್ನು ಸಿಕಲ್ ಸೆಲ್ ರೋಗಿಗೆ ಹಾಗೆಯೇ ದಾಟಿಸುವಂತಿಲ್ಲ. ಇಲ್ಲಿ ಈಜೆಂದರೆ ಬಾವಿ, ಕೆರೆ. ತಣ್ಣೀರೇ ನೋವಿನ ಸರದಿಯನ್ನು ಕರೆಯುತ್ತದೆ. ಬೆಟ್ಟದ ಚಳಿ, ನೀರಡಿಕೆ, ಬಿರುಸಿನ ದುಡಿಮೆಯೂ ಹಾಗೆಯೇ. ಅವರಿಗೂ ವ್ಯಾಯಾಮ ನಿಷಿದ್ಧವಲ್ಲ: ಮೈ ಬೆಚ್ಚಗಿರಬೇಕು, ನಡುನಡುವೆ ನೀರು ಕುಡಿಯಬೇಕು, ದಣಿವಿಗೆ ಮೊದಲೇ ನಿಲ್ಲಿಸಬೇಕು.

ಹೆಚ್ಚು ತೊಡಕಾಗುವುದು ಸಿಕಲ್ ಸೆಲ್ ಇದ್ದು ತೊಡೆಸಂದಿನ ನೋವು ಹೇಳುವ ಸೋಲಿಗ ಯುವಕನ ವಿಷಯದಲ್ಲಿ. ರಕ್ತ ಹರಿಯದೆ ತೊಡೆಮೂಳೆಯ ತಲೆ ಸತ್ತಿರಬಹುದು, ಅಥವಾ ಅದು ಉರಿಯೂತವೇ ಇರಬಹುದು. ಸಿಕಲ್ ಸೆಲ್ ಇದೆಯೆಂದು ಎರಡನೆಯದನ್ನು ತಳ್ಳಿಹಾಕುವುದು ಸಲ್ಲ. ಎಂ.ಆರ್.ಐ. ಎರಡನ್ನೂ ಬೇರ್ಪಡಿಸಿ ತೋರಿಸುತ್ತದೆ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕುವ ಯಾವ ವ್ಯಾಯಾಮವನ್ನೂ ಹೇಳಬಾರದು.