ಖಿನ್ನತೆಗೆ ಒಳಗಾದವರ ಜೊತೆಗಿರುವುದು ಹೇಗೆ?

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮನೆಗಳಲ್ಲಿ ಖಿನ್ನತೆ ಆ ಹೆಸರಿನಿಂದ ಬರುವುದು ಅಪರೂಪ. ನಿದ್ರೆ ಬಾರದು, ತಲೆ ಭಾರ, ಊಟ ಸೇರದು ಎಂಬ ದೂರುಗಳಾಗಿ ಅದು ಕಾಣಿಸಿಕೊಳ್ಳುತ್ತದೆ. ಕೆಲವರು ಸೋಮಾರಿತನವೆಂದು ಜರೆದರೆ, ಕೆಲವರು ದೃಷ್ಟಿ ತಗುಲಿತೆಂದು ಭಾವಿಸುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 20 ಜನರಲ್ಲಿ ಒಬ್ಬರಿಗೆ ಖಿನ್ನತೆಯಿದೆ. ಇವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ದೊರೆತಿಲ್ಲ.

ಗುರುತಿಸುವುದು

ಮಂಕುತನ ಅಥವಾ ನಿರಾಸಕ್ತಿ ಎರಡು ವಾರಕ್ಕೂ ಹೆಚ್ಚು ಕಾಲ ಉಳಿದು, ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆ ಕೆಟ್ಟು, ತಾನು ಯಾರಿಗೂ ಬೇಡವೆಂಬ ಭಾವನೆ ಬಲಿತರೆ ವೈದ್ಯರನ್ನು ಕಾಣಬೇಕು.

ಮಾತು

‘ಧೈರ್ಯ ತಂದುಕೋ’, ‘ನಿನಗೇನು ಕಡಿಮೆ?’ ಎಂಬ ಮಾತುಗಳು ರೋಗಿಯ ಅಪರಾಧಿ ಭಾವವನ್ನು ಹೆಚ್ಚಿಸುತ್ತವೆ. ‘ಈಚೆಗೆ ಮಂಕಾಗಿದ್ದೀಯ, ಏನಾಗುತ್ತಿದೆ?’ ಎಂದು ಕೇಳಿ, ಉಪದೇಶ ಮಾಡದೆ ಆಲಿಸಬೇಕು. ಮನೆಯಲ್ಲಿ ಕೊಂಕಣಿ, ನವಾಯತಿ ಅಥವಾ ಹವ್ಯಕ ಕನ್ನಡ ಆಡುವವರು ನೋವನ್ನು ಆ ಮಾತಿನಲ್ಲೇ ಸಲೀಸಾಗಿ ಹೇಳಿಕೊಳ್ಳಬಲ್ಲರು.

ಜೊತೆಗೆ ಹೋಗುವುದು

ರಾಜ್ಯದ ಮನೋಚೈತನ್ಯ ಕಾರ್ಯಕ್ರಮವು ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತರುವ ಉದ್ದೇಶದ್ದು. ಸೇವೆ ಲಭ್ಯವಿರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಹೆಚ್ಚಿನ ಚಿಕಿತ್ಸೆಗೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮಣಿಪಾಲ ಅಥವಾ ಘಟ್ಟದ ಮೇಲಿನ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಬೇಕಾಗುತ್ತದೆ. ಹಾಸಿಗೆಯಿಂದ ಏಳಲೂ ಕಷ್ಟಪಡುವವರು ಒಬ್ಬರೇ ಈ ದಾರಿ ಕ್ರಮಿಸಲಾರರು. ಚೀಟಿ ಮಾಡಿಸುವುದು, ಸರದಿಯಲ್ಲಿ ಕೂರುವುದು, ವೈದ್ಯರು ಹೇಳಿದ್ದನ್ನು ಬರೆದುಕೊಳ್ಳುವುದು ಜೊತೆಗಾರರ ಕೆಲಸ.

ಖಿನ್ನತೆಯ ಮಾತ್ರೆಗಳ ಗುಣ ಸಾಮಾನ್ಯವಾಗಿ ತಿಳಿಯುವುದು ಎರಡರಿಂದ ನಾಲ್ಕು ವಾರಗಳ ನಂತರ. ಅಡ್ಡಪರಿಣಾಮಗಳು ಮೊದಲೇ ಕಾಣಿಸಬಹುದು. ಹಲವರು ಚಿಕಿತ್ಸೆ ಬಿಡುವುದು ಈ ಅವಧಿಯಲ್ಲೇ. ಗುಣವಾದ ಬಳಿಕವೂ ಕೆಲವು ತಿಂಗಳು ಔಷಧ ಮುಂದುವರಿಯಬೇಕು. ಅದನ್ನು ನಿಲ್ಲಿಸುವ ನಿರ್ಧಾರ ವೈದ್ಯರದು. ಮೊದಲ ಭೇಟಿಗಿಂತ ಎರಡನೆಯ, ಮೂರನೆಯ ಭೇಟಿಗೆ ಬಂಧುಗಳ ಆಸರೆ ಹೆಚ್ಚು ಬೇಕಾಗುವುದು ಇದೇ ಕಾರಣಕ್ಕೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಗ ಅಥವಾ ಪತಿ ದಿನವೂ ನಿಗದಿತ ವೇಳೆಗೆ ಕರೆ ಮಾಡಿ ವಿಚಾರಿಸಬಹುದು; ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ಊರಿನಲ್ಲಿರುವ ಒಬ್ಬರು ಹೊರಬೇಕು.

ಅಪಾಯದ ಸೂಚನೆ

‘ಬದುಕು ಸಾಕೆನಿಸುತ್ತದೆಯೇ, ಸಾಯುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಒಳಗೇ ಇರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ತೋಟದ ಔಷಧ ಮತ್ತು ಮಾತ್ರೆಗಳನ್ನು ಬೀಗದೊಳಗಿಟ್ಟು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಪೊಲೀಸ್ ಪ್ರಕರಣಕ್ಕೆ ಅಂಜಿ ಆತ್ಮಹತ್ಯೆ ಯತ್ನವನ್ನು ಮುಚ್ಚಿಡುವ ಕುಟುಂಬಗಳುಂಟು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ. ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸುತ್ತದೆ.

ಸಹಾಯವಾಣಿ

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416. ಹಗಲಿರುಳೂ ಲಭ್ಯವಿರುವ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲಿ ಮಾತನಾಡಬಹುದು. ಆರೈಕೆ ಮಾಡಿ ದಣಿದ ಬಂಧುಗಳೂ ತಮಗಾಗಿ ಈ ಸಂಖ್ಯೆಗೆ ಕರೆ ಮಾಡಬಹುದು.